ಕುಳಿತ ಭಂಗಿ

ಆಗಸ್ಟ್ ಮೂರು, ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಬುದ್ಧನ ಧ್ಯಾನದ ಬಗೆಗಿನ ಪುಸ್ತಕ ಓದುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ, ವಿಭೂತಿ ಹಚ್ಚಿದ ರೈತರೊಬ್ಬರು ಮುಖಪುಟದ ಬುದ್ಧನ ಚಿತ್ರ ನೋಡಿದರು.

"ಕಣ್ಣು ಮುಚ್ಚಿ ಕುಂತು ಏನ್ ಮಾಡಾಕತ್ತಾನ್ರಿ?"

"ತನ್ನ ಉಸಿರು ನೋಡಾಕತ್ತಾನ್ರಿ. ಶಾಂತಿ ಸಿಗತೈತಂತ."

"ನಮ್ಮಾಗ ಉಸಿರು ಹೋದಮ್ಯಾಲೆ ಹಿಂಗ ಕುಂದರಿಸಿ ಮಣ್ಣು ಮಾಡತೀವಿ. ಹೋದ ವಾರ ನಮ್ಮಪ್ಪ ನಸುಕಿನ್ಯಾಗ ತೀರಿಕೊಂಡ. ಬಿಲ್ ಕಟ್ಟೂತನಕ ಹೆಣಾ ಬಿಡೂದಿಲ್ಲಂತ ದವಾಖಾನ್ಯಾಗ ಸಂಜೀತನಕ ಇಟಗೊಂಡ್ರು. ಮೈ ಸೆಟದಿತ್ತು, ಮಣಕಾಲು ಮಡಚಲಿಲ್ಲ."

"ಮತ್ತ ಹೆಂಗ ಕುಂದರಿಸಿದ್ರಿ?"

"ನಾನ ಒತ್ತಿದೆ. ಲಟಕ್ ಅಂದ್ವು."

ಪುಸ್ತಕ ಮುಚ್ಚಿದೆ. ಏನಾದರೂ ಕೇಳಬೇಕಲ್ಲ ಎಂದು, "ಕಡೀಕ ಎಷ್ಟು ಕಟ್ಟಿದ್ರಿ?" ಎಂದೆ.

"ಏನೂ ಇಲ್ರಿ. ರೇಷನ್ ಕಾರ್ಡಿನ ಮ್ಯಾಲೆ ಎಲ್ಲಾ ಪುಕ್ಕಟ ಇತ್ತಂತ. ಆಮ್ಯಾಲೆ ನೋಡಿ ಹೇಳಿದ್ರು."