ಇಲ್ಲೆ ಎಂಬ ವೈಫೈ

ನಮ್ಮ ಮನೆಯ ವೈಫೈಗೆ ‘ಇಲ್ಲೆ’ ಎಂದು ಹೆಸರಿಟ್ಟವನು ನಾನೇ. ಶಿರಸಿ ಪೇಟೆಯಲ್ಲಿ ಮನೆ ಮಾಡಿದವರ ಪಾಡು ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ಹೆಗ್ಗರಣೆಯಿಂದ, ಯಲ್ಲಾಪುರದಿಂದ ಕೆಲಸಕ್ಕೆಂದು ಬಂದ ನೆಂಟರೆಲ್ಲ ಬಸ್ಸಿಗೆ ಹೊತ್ತಾಗುವವರೆಗೆ ನಮ್ಮಲ್ಲೇ. ಮೊದಲೆಲ್ಲ “ಆಸರಿಗೆ ಎಂತ ಬೇಕು?” ಎಂದು ನಾವು ಕೇಳಿ, ಅವರು ಬೆಲ್ಲ-ನೀರು ಕುಡಿದು ಮಾತಿಗೆ ಕೂರುತ್ತಿದ್ದರು. ಈಗ ಚಪ್ಪಲಿ ಬಿಡುವಾಗಲೇ, “ಭಾವಾ, ವೈಫೈ ಇದ್ದಾ?”

ಬಂದವರಿಗೆ ಇಲ್ಲವೆನ್ನುವ ಧೈರ್ಯ ನನಗಿಲ್ಲ. ಪಾಸ್‌ವರ್ಡ್ ಕೊಟ್ಟರೆ ನನ್ನ ಬ್ಯಾಂಕಿನ ಖಾತೆಯೇ ಅವರ ಜೇಬಿಗಿಳಿದೀತೆಂಬ ಹೆದರಿಕೆ ಬೇರೆ. ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಕೇಳಿದವರಿಗೆ “ಇಲ್ಲೆ” ಅಂದರಾಯಿತು. ಸುಳ್ಳಲ್ಲ, ಹೆಸರನ್ನೇ ಹೇಳಿದ್ದು. ಅದೇ ಉಮೇದಿನಲ್ಲಿ ರೌಟರಿನ ಸೆಟ್ಟಿಂಗಿಗೆ ಹೊಕ್ಕು, ಅದು ಕೊಡುತ್ತಿದ್ದ ಎರಡು ವೈಫೈಗಳಲ್ಲಿ ಇನ್ನೊಂದನ್ನು ಬಂದ್ ಮಾಡಿದೆ. ಮನೆಗಾದರೆ ಹಿತ್ತಲ ಬಾಗಿಲು ಬೇಕು, ವೈಫೈಗೆ ಯಾಕೆ?

ಈ ಜಾಣತನದ ಫಲ ಉಂಡವಳು ನನ್ನ ಹೆಂಡತಿ. ಅವಳು ಆನ್‌ಲೈನಿನಲ್ಲಿ ಹಿಂದೂಸ್ತಾನಿ ಹಾಡುಗಾರಿಕೆ ಕಲಿಸುತ್ತಾಳೆ. ಇಷ್ಟು ವರ್ಷ ಅಡುಗೆಮನೆಗೆ ಮಾತ್ರ ಕೇಳುತ್ತಿದ್ದ ದನಿಗೆ ಹುಬ್ಬಳ್ಳಿಯ ಅಕ್ಕ-ತಂಗಿಯರಿಬ್ಬರು ಮೊದಲ ಶಿಷ್ಯೆಯರು. ಸದ್ಯಕ್ಕೆ ಕೊನೆಯವರೂ ಹೌದು. ಮಳೆಗಾಲ ಕಳೆದ ಮೇಲೆ ಪಾಠ ತುಂಡು ತುಂಡಾಗತೊಡಗಿತು. ಇಲ್ಲಿ ‘ಸಾ’ ಹಚ್ಚಿದರೆ ಅಲ್ಲಿ ತಡೆದು ತಡೆದು ಬರೀ ‘ಆ’ ಮುಟ್ಟುತ್ತಿತ್ತು. ಹುಡುಗಿಯರ ತಾಯಿ ಒಂದು ದಿನ ಹೇಳಿಯೇ ಬಿಟ್ಟರು.

“ಟೀಚರ್, ನಿಮ್ಮ ದನಿ ಬಾವ್ಯಾಗಿಂದ ಬಂದಂಗ ಬರ್ತೈತ್ರಿ. ಬರೋ ರವಿವಾರನೂ ಹಿಂಗಾದ್ರ ನಾವು ಇಲ್ಲೇ ಯಾರನ್ನರ ನೋಡ್ಕೋತೀವ್ರಿ.”

“ನೋಡ್ಲಿ ಬಿಡಿ,” ಎಂದಳು ಹೆಂಡತಿ ನನ್ನ ಹತ್ತಿರ. ಆದರೆ ಅಂದಿನಿಂದ ಶ್ರುತಿಪೆಟ್ಟಿಗೆಗೆ ಮುಚ್ಚಿದ ಬಟ್ಟೆ ತೆಗೆಯಲಿಲ್ಲ.

ಚಿಂತೆ ಮಾಡುವ ಕೆಲಸ ನಮ್ಮಲ್ಲಿ ನನ್ನ ಪಾಲಿನದು. ರೌಟರನ್ನು ಆರಿಸಿ ಹಚ್ಚಿದೆ. ಕಪಾಟಿನ ಮೇಲಿಟ್ಟೆ, ಇಳಿಸಿದೆ, ಅದರ ಕೊಂಬುಗಳನ್ನು ದಿಕ್ಕಿಗೊಂದರಂತೆ ತಿರುಗಿಸಿದೆ.

“ಇನ್ನು ಕುಂಕುಮ ಇಡದೊಂದು ಬಾಕಿ,” ಎಂದಳು. “ನಿಂಗಕ್ಕೆ ತಲೆಬಿಸಿ ಮಾಡ್ಕ್ಯಂಬಲೆ ಎಂತಾರು ಒಂದು ಬೇಕು.”

ಕಡೆಗೆ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳ ದನಿ.

“ಬಾಕ್ಸಲ್ಲಿ ಕೆಂಪು ಲೈಟ್ ಉರೀತಿದೆಯಾ ಸರ್?”

ಗಾಬರಿಯಾದರೆ ನನಗೆ ಬಾಯಿಗೆ ಬರುವುದು ಮನೆಮಾತೇ. “ಇಲ್ಲೆ.”

“ಅಲ್ಲೇ ಉರೀತಿದೆ. ಓಕೆ ಸರ್, ಹಾಗಿದ್ರೆ ಕೇಬಲ್ ಕಟ್ಟಾಗಿದೆ. ಲೈನ್‌ಮನ್ ಕಳಿಸ್ತೀವಿ.”

ಲೈನ್‌ಮನ್ ಬಂದ. ಮುಂಡಗೋಡ ಕಡೆಯವನು.

“ಕೆಂಪ್ ಲೈಟ್ ಎಲ್ಲೈತ್ರಿ?”

“ಇಲ್ಲೆ,” ಎಂದೆ. ಅವನು ನಾನು ನಿಂತಲ್ಲೇ ಬಗ್ಗಿ ಹುಡುಕಿದ, ರೌಟರಿನ ಹಿಂದೆಯೂ ಇಣುಕಿದ. ಕೇಬಲ್ ಚಲೋ ಐತಿ ಎಂದು ಹೇಳಿ, ಚಹಾ ಕುಡಿದು ಹೋದ. ದೂರು ಪರಿಹಾರವಾಗಿದೆ ಎಂದು ಮೊಬೈಲಿಗೆ ಸಂದೇಶ ಬಂತು.

ಶನಿವಾರ ಮತ್ತೆ ಫೋನು ಹಚ್ಚಿದೆ, ಅದೇ ಹುಡುಗಿ. ಈ ಸಲ ಪುಸ್ತಕದ ಕನ್ನಡವನ್ನೇ ಆಡುವುದೆಂದು ಗಂಟಲು ಸರಿಮಾಡಿಕೊಂಡೆ. “ಕೆಂಪು ದೀಪ ಉರಿಯುತ್ತಿಲ್ಲ. ಉರಿಯುತ್ತಲೇ ಇರಲಿಲ್ಲ.”

“ಬೇಜಾರ್ ಮಾಡ್ಕೋಬೇಡಿ ಸರ್. ಯಾವ ವೈಫೈಗೆ ಕನೆಕ್ಟ್ ಆಗಿದೀರಾ?”

“ಇಲ್ಲೆ.”

“ಇಲ್ಲೇ ಅಂದ್ರೆ ಎಲ್ಲಿ ಸರ್?”

“ಇಲ್ಲೇ ಅಲ್ಲ, ಇಲ್ಲೆ.”

“ಓ, ಕನೆಕ್ಟ್ ಆಗೇ ಇಲ್ವಾ?”

“ಆಗಿದೆ ತಾಯಿ. ಅದರ ಹೆಸರೇ ಇಲ್ಲೆ!”

ಹೆಂಡತಿ ಫೋನು ಕಸಿದುಕೊಂಡಳು. “ಐ, ಎಲ್, ಎಲ್, ಇ. ನಮ್ಮನೆಯವರು ಇಟ್ಟ ಹೆಸರು.” ಹುಡುಗಿ ನಕ್ಕಳು, ಇವಳೂ ನಕ್ಕಳು. ನನ್ನನ್ನು ಬಿಟ್ಟ ಮೇಲೆ ಕೆಲಸ ಸಲೀಸಾಯಿತು.

ರೌಟರ್ ಎಲ್ಲಿದೆ? ಮುಂದಿನ ಕೋಣೆಯಲ್ಲಿ. ಪಾಠ ಎಲ್ಲಿ? ಹಿಂದಿನ ಕೋಣೆಯಲ್ಲಿ. ಬಸ್ಸಿನ ಹಾರ್ನು ಪಾಠದ ನಡುವೆ ನುಗ್ಗುತ್ತದೆಂದು ಹೆಂಡತಿ ಮಳೆಗಾಲ ಕಳೆದಾಗ ಅಲ್ಲಿಗೆ ಹೋಗಿದ್ದಳು. ತಂತಿ, ಮಂಗ, ಗುಡುಗು ಎಲ್ಲವನ್ನೂ ಅನುಮಾನಿಸಿದ ನನಗೆ ನಡುವಿನ ಎರಡು ಕೆಂಪುಕಲ್ಲಿನ ಗೋಡೆಗಳು ಹೊಳೆದಿರಲಿಲ್ಲ. ‘ಇಲ್ಲೆ’ ವೇಗದ್ದಂತೆ, ಆದರೆ ದಪ್ಪ ಗೋಡೆ ದಾಟಲಾರದಂತೆ. ದಾಟುವುದು ರೌಟರಿನ ಇನ್ನೊಂದು ವೈಫೈ, ನಿಧಾನದ್ದು. ಹಾಡಿಗೆ ಅಷ್ಟು ಧಾರಾಳ ಸಾಕಂತೆ.

ಹುಡುಗಿ ಹೇಳಿದಂತೆ ರೌಟರಿನ ಪುಟ ತೆರೆದೆವು. ಹೆಂಡತಿ ಕನ್ನಡಕ ಏರಿಸಿ ಓದಿದಳು. “ಎರಡನೇದು ಆಫ್ ಅಂತ ತೋರಿಸ್ತಾ ಇದೆ.”

“ಯಾರ್ ಆಫ್ ಮಾಡಿದ್ರು ಮೇಡಂ?”

ಹೆಂಡತಿ ನನ್ನನ್ನು ನೋಡಿದಳು. “ಇಲ್ಲೇ ಇದ್ದಾರೆ,” ಎಂದಳು.

ಭಾನುವಾರ ಪಾಠದ ಹೊತ್ತಿಗೆ ಎರಡನೇ ವೈಫೈ ಹಚ್ಚಿಟ್ಟು ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತೆ. ಶ್ರುತಿಪೆಟ್ಟಿಗೆಯ ಬಟ್ಟೆ ಸರಿಯಿತು. ಇವಳು ‘ಸಾ’ ಹಚ್ಚಿದಳು. ಹುಬ್ಬಳ್ಳಿಯಿಂದ ಎರಡು ಎಳೆಯ ‘ಸಾ’ಗಳು ಹೆಚ್ಚು ತಡವಿಲ್ಲದೆ ಬಂದವು. ಆಮೇಲೆ ತಾಯಿಯ ದನಿ: “ಈಗ ಚಲೋ ಆತ್ ನೋಡ್ರಿ ಟೀಚರ್. ಇಲ್ಲೇ ಬಾಜೂಕ ಕುಂತು ಹಾಡಿದಂಗ ಕೇಳ್ತೈತಿ. ಮುಂದಿನ ರವಿವಾರ ಇದ ಹೊತ್ತಿಗೆ ಕುಂದರಸ್ತೀನ್ರಿ.”

ನನಗೆ ಸಾಕುಸಾಕಾಗಿತ್ತು. ಮುಂದಿನ ಕೋಣೆಗೆ ಬಂದು ಒರಗಿದೆ. ಪಾಠ ಮುಗಿದರೂ ಒಳಗಿನ ಶ್ರುತಿ ನಿಲ್ಲಲಿಲ್ಲ. ಯಾರಿಗೂ ಅಲ್ಲದ ಒಂದು ಆಲಾಪ ನಡೆದೇ ಇತ್ತು.

“ಅಲ್ಲಿಗೆ ಕೇಳ್ತಾ?” ಎಂದು ಕೂಗಿದಳು.

ಎರಡು ಗೋಡೆ ದಾಟಿ ಚೆನ್ನಾಗಿಯೇ ಕೇಳುತ್ತಿತ್ತು.

“ಇಲ್ಲೆ,” ಎಂದೆ. ಇನ್ನೊಮ್ಮೆ ಹಾಡಲಿ ಎಂದು.