ಚಿಗವ್ವ ನೇಯ್ದ ಕುಂಚಿಗೆ

ಒಣಶುಂಠಿಯನ್ನು ಸಕ್ಕರೆಯೊಡನೆ ಕುಟ್ಟುವ ವಾಸನೆ ಎಲ್ಲಿಂದ ಬಂದರೂ ನನಗೆ ಬನಹಟ್ಟಿಯ ಆ ಮನೆ ನೆನಪಾಗುತ್ತದೆ. ಚೈತ್ರದ ಬಿಸಿಲು, ಗೋಡೆಯಾಚೆಯ ಮಗ್ಗಗಳ ಸದ್ದು, ಒರಳಿನ ಮುಂದೆ ಸೆರಗು ಸಿಕ್ಕಿಸಿಕೊಂಡು ಕುಳಿತ ಶಾಂತವ್ವ ಚಿಗವ್ವ. ರಾಮನವಮಿಯ ಮಧ್ಯಾಹ್ನ ಓಣಿಯ ಹನುಮಪ್ಪನ ಗುಡಿಯಲ್ಲಿ ರಾಮನನ್ನು ತೊಟ್ಟಿಲಿಗೆ ಹಾಕಿದ ಮೇಲೆ, ಬಾಣಂತಿಗೆ ಕೊಡುವಂತೆ ಆ ಶುಂಠಿ-ಸಕ್ಕರೆಯನ್ನು ಎಲ್ಲರ ಅಂಗೈಗೂ ಹಾಕುತ್ತಿದ್ದರು. ಇಡೀ ಓಣಿಗೆ ಸಾಲುವಷ್ಟನ್ನು ಕುಟ್ಟುತ್ತಿದ್ದವಳು ಚಿಗವ್ವ, ನನ್ನ ಕಾಕಾನ ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬಹುದು. ಹಬ್ಬದ ಕೆಲಸವೆಲ್ಲ ಅವಳ ಕೈಯಿಂದಲೇ ಆಗುತ್ತದೆ, ಹಬ್ಬ ಮಾತ್ರ ಬೇರೆಯವರದು.

ಆಗಲೇ ನಮ್ಮಲ್ಲಿ ಪವರ್‌ಲೂಮ್ ಬಂದಿದ್ದವು. ಅಜ್ಜನ ಕಾಲದ ಕುಣಿಮಗ್ಗ ಒಂದೇ ಪಡಸಾಲೆಯ ಮೂಲೆಯಲ್ಲಿ ಉಳಿದಿತ್ತು, ಅದೂ ಚಿಗವ್ವನಿಗಾಗಿ. ಹಬ್ಬ ಹತ್ತಿರ ಬಂದಾಗ ಅವಳು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ದೇವರ ಕೂಸಿಗೆಂದು ಮೊಳದಷ್ಟು ಬಟ್ಟೆ ನೇಯುತ್ತಿದ್ದಳು. ಬಿಳಿಯ ಮೈ, ಕೆಂಪು ಅಂಚು. ಅದನ್ನು ಮಡಿಚಿ, ಕೂಸಿನ ತಲೆಯಿಂದ ಬೆನ್ನಿಗೆ ಇಳಿಯುವ ಕುಂಚಿಗೆ ಹೊಲಿಯುತ್ತಿದ್ದಳು. ಗುಡಿಯಲ್ಲಿ ತೆಂಗಿನಕಾಯಿಗೆ ಆ ಕುಂಚಿಗೆ ತೊಡಿಸಿ, ಅದನ್ನೇ ರಾಮನೆಂದು ತೂಗುತ್ತಿದ್ದರು. ಜೋಗುಳ ಮುಗಿದ ಮೇಲೆ ಕಾಯಿ ಮಕ್ಕಳಾಗದವಳ ಉಡಿಗೆ. ಪ್ರತಿ ವರ್ಷ ನನ್ನ ಅವ್ವನೇ ಅದನ್ನು ಎತ್ತಿ ಅವಳ ಉಡಿಗೆ ಹಾಕುತ್ತಿದ್ದಳು. “ಬರೋ ವರ್ಷ ನಿನ್ನ ಕೂಸಿಗೆ ತೊಟ್ಟಲಾ ಕಟ್ಟೂಣು, ಶಾಂತವ್ವಾ” ಅನ್ನುತ್ತಿದ್ದಳು. ಚಿಗವ್ವ ಉಡಿಯನ್ನು ಎರಡೂ ಕೈಯಿಂದ ಹಿಡಿದು, ಮಲಗಿದ ಕೂಸು ಎಚ್ಚರಾದೀತೆಂಬಂತೆ ಮೆಲ್ಲಗೆ ನಡೆದು ಮನೆಗೆ ಬರುತ್ತಿದ್ದಳು.

ನನಗೆ ಎಂಟು ತುಂಬಿದ ವರ್ಷ ಅವಳು ಬಸುರಿಯಾದಳು. ಆ ರಾಮನವಮಿಗೆ ಏಳು ತಿಂಗಳು. ಅವಳು ಎರಡು ಕುಂಚಿಗೆ ನೇಯ್ದಳು. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಮಾಡಬಾರದೆಂದು ಅಜ್ಜಿ ಗದರಿದಳು. ಚಿಗವ್ವ ನಕ್ಕು, “ನೂಲು ಉಳಿದಿತ್ರಿ ಅತ್ತಿ, ಅದಕ್ಕ” ಎಂದಳು. ಮಳೆಗಾಲದ ಮೊದಲಿಗೆ ಗಂಡು ಕೂಸು ಹುಟ್ಟಿತು. ಮೂರು ದಿನ ಇತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರಲೇ ಇಲ್ಲ. ಎರಡನೆಯ ಕುಂಚಿಗೆ ಕೂಸಿನ ಜೊತೆ ಮಣ್ಣಿಗೆ ಹೋಯಿತು.

ಮರುವರ್ಷ ಶುಂಠಿ ಕುಟ್ಟಲು ಅವಳನ್ನು ಯಾರೂ ಕರೆಯಲಿಲ್ಲ. ಆದರೂ ಅವಳು ಕುಂಚಿಗೆ ನೇಯ್ದು, ನನ್ನ ಕೈಯಲ್ಲಿ ಕೊಟ್ಟು ಗುಡಿಗೆ ಕಳಿಸಿದಳು. ಅಲ್ಲಿ ಪೇಟೆಯಿಂದ ತಂದ ಮಿಂಚಿನ ಕುಂಚಿಗೆಯನ್ನು ಕಾಯಿಗೆ ಆಗಲೇ ತೊಡಿಸಿದ್ದರು. ಅವ್ವ ನನ್ನನ್ನು ಕಂಬದ ಮರೆಗೆ ಕರೆದು, “ಒಯ್ಯಿ ಇದನ್ನ. ಕೂಸ ಕಳಕೊಂಡಾಕಿ ಕೈಯಾಂದು ತೊಟ್ಟಿಲದಾಗ ಬ್ಯಾಡ. ಬಸುರಿ ಹೆಣ್ಮಕ್ಕಳು ಬಂದಾರ ಇಲ್ಲಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾನು ಮನೆಗೆ ಬಂದು, ಹಿತ್ತಲ ಬಾಗಿಲಿಂದ ಹೋಗಿ, ಅಟ್ಟದ ಮೇಲಿನ ನೂಲಿನ ಚೀಲದಲ್ಲಿ ಅದನ್ನು ಮುಚ್ಚಿಟ್ಟೆ. ಚಿಗವ್ವ ಪಡಸಾಲೆಯಲ್ಲಿ ಕಾಯುತ್ತಿದ್ದಳು.

“ಹಾಕಿದ್ರೇನು?”

“ಹೂಂ.”

“ಸಡ್ಲ ಆತೇನು?”

“ಇಲ್ಲ ಚಿಗವ್ವಾ, ಬರೋಬ್ಬರಿ ಆಗಿತ್ತು. ಕೆಂಪ ಅಂಚು ದೂರಿಂದನ ಕಾಣತಿತ್ತು.”

ಅವಳ ಮುಖ ಬೆಳಗಿತು. ಅದನ್ನು ನೋಡಿದ ಮೇಲೆ ಮರುವರ್ಷವೂ ಅದೇ ಸುಳ್ಳು ಹೇಳುವುದು ಕಷ್ಟವಾಗಲಿಲ್ಲ.

ಮೂರನೆಯ ವರ್ಷ ಹಬ್ಬದ ದಿನ ನನಗೆ ಜ್ವರ ಬಂತು. ಎರಡು ವರ್ಷ ದೇವರು ತನ್ನ ಬಟ್ಟೆ ಉಟ್ಟಿದ್ದಾನೆ, ಹೆಂಗಸರ ಮನಸ್ಸೂ ತಿಳಿಯಾಗಿದೆ ಎಂದು ನಂಬಿದ್ದ ಚಿಗವ್ವ, ತಲೆ ಬಾಚಿ, ಮದುವೆಯ ಸೀರೆ ಉಟ್ಟು, ಕುಂಚಿಗೆಯನ್ನು ತಾನೇ ತೆಗೆದುಕೊಂಡು ಹೊರಟಳು. ತಡೆಯಬೇಕೆಂದು ನಾನು ಎದ್ದು ಕುಳಿತು, ಮತ್ತೆ ಮಲಗಿದೆ. ಹಾಸಿಗೆಯಲ್ಲೇ ಗುಡಿಯ ಕಡೆಗೆ ಕಿವಿಗೊಟ್ಟೆ. ಜೋಗುಳ ಶುರುವಾಗಿ ನಡುವೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಚಿಗವ್ವ ಮನೆಯಲ್ಲಿದ್ದಳು. ಅಲ್ಲಿ ಯಾರು ಏನೆಂದರೋ ಅವಳು ಎಂದೂ ಹೇಳಲಿಲ್ಲ. ನನ್ನ ಹತ್ತಿರ ಕುಳಿತು ಹಣೆ ಮುಟ್ಟಿ ನೋಡಿದಳು.

“ಅವೆರಡನ್ನ ಎಲ್ಲಿ ಇಟ್ಟೀ?”

“ಅಟ್ಟದ ಮ್ಯಾಲ.”

“ಅಳಬ್ಯಾಡ. ನೀ ಹೇಳಿದ್ದು ಕೇಳಿ ಎರಡು ವರ್ಷ ನನ್ನ ಜೀವಕ್ಕ ಸಮಾಧಾನ ಇತ್ತು.”

ಆಮೇಲೆ ಎದ್ದು ಹೋಗಿ, ಮಗ್ಗದ ಮೇಲೆ ಉಳಿದಿದ್ದ ಹಾಸಿನ ಉದ್ದನೆಯ ಎಳೆಗಳನ್ನು ಅಡ್ಡಕ್ಕೆ ಕತ್ತರಿಸಿದಳು. ನೇಕಾರರ ಮನೆಯಲ್ಲಿ ಅರ್ಧ ನೇಯ್ದ ಬಟ್ಟೆಗೆ ಯಾರೂ ಕತ್ತರಿ ಹಾಕುವುದಿಲ್ಲ. ಬಾಗಿಲಲ್ಲಿ ನಿಂತ ಕಾಕಾ ಬೇಡವೆನ್ನಲಿಲ್ಲ. ಎಳೆಗಳು ಎರಡೂ ಕಡೆಗೆ ಸಡಿಲಾಗಿ ಜೋತುಬಿದ್ದವು.

ಆ ಕುಣಿಗೆ ಮಣ್ಣು ತುಂಬಿಸಿ, ಅಲ್ಲಿಯೂ ಒಂದು ಪವರ್‌ಲೂಮ್ ಕೂರಿಸಿದರು. ಚಿಗವ್ವ ಮುಂದೆ ಹದಿನಾರು ವರ್ಷ ಅದರ ಪಕ್ಕದಲ್ಲಿ ಕುಳಿತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿದಳು. ಮತ್ತೆ ಬಸುರಿಯಾಗಲಿಲ್ಲ, ಗುಡಿಯ ಕಡೆ ಹೋಗಲಿಲ್ಲ. ಸದ್ದಿಗೆ ಕಿವಿ ಮಂದವಾದವು. ಕೊನೆಕೊನೆಗೆ ಮಾತಾಡಿಸಲು ಹೆಗಲು ಮುಟ್ಟಬೇಕಾಗುತ್ತಿತ್ತು. ಒಂದು ಚಳಿಗಾಲ ನ್ಯುಮೋನಿಯಾ ಬಂದು ನಾಲ್ಕೇ ದಿನಕ್ಕೆ ಹೋದಳು. ನಾನು ಜಮಖಂಡಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಟ್ಟದ ಆ ಎರಡು ಕುಂಚಿಗೆಗಳು ಏನಾದವೋ ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ.

ಈ ವರ್ಷ ರಾಮನವಮಿಗೆ ಬನಹಟ್ಟಿಗೆ ಹೋಗಿದ್ದೆ. ಅವ್ವ ಈಗ ಮೊಮ್ಮಕ್ಕಳ ನಡುವೆ ಕಟ್ಟೆಯ ಮೇಲೆ ಕೂರುತ್ತಾಳೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ, ಆ ದಿನ ಕಂಬದ ಮರೆಯಲ್ಲಿ ಚಿಗವ್ವನ ಬಟ್ಟೆಯನ್ನು ಯಾಕೆ ತಿರುಗಿ ಕಳಿಸಿದೆ ಎಂದು.

“ಯಾವ ಬಟ್ಟಿ ಬೇ?” ಎಂದಳು.

ಎಲ್ಲವನ್ನೂ ಬಿಡಿಸಿ ಹೇಳಿದೆ. ಅವ್ವ ಗಮನವಿಟ್ಟು ಕೇಳಿದಳು. ಮುಚ್ಚಿಡುವ ಮುಖ ಅದಲ್ಲ. ಅವಳ ಕಣ್ಣಲ್ಲಿ ನೀರು ಬಂತು.

“ನಾ ಯಾಕ ಹಂಗ ಅಂದೇನು? ಶಾಂತವ್ವ ನನಗ ಒಡಹುಟ್ಟಿದ ತಂಗಿಗಿಂತ ಹೆಚ್ಚಾಗಿದ್ಳು.”

ಅದೂ ಖರೆಯೇ ಇತ್ತು.