ಹೈದರಾಬಾದ್ ವಿಮಾನದಲ್ಲಿ ಮಂಜುಳಾಳ ಉಸಿರು

ಅದು 2024ರ ಡಿಸೆಂಬರ್. ಶಿಕಾರಿಪುರದ ಒಂದು ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್ ಆಗಿದ್ದೆ, ನಿವೃತ್ತಿಗೆ ಕೆಲವೇ ತಿಂಗಳು ಬಾಕಿ ಇತ್ತು. ಸೊರಬದಲ್ಲಿ ಶುರುವಾದ ನನ್ನ ಕೆಲಸ ಶಿರಾಳಕೊಪ್ಪ ದಾಟಿ ಶಿಕಾರಿಪುರಕ್ಕೆ ಬಂದು ನಿಂತಿತ್ತು. ಈ ಮೂರು ಊರುಗಳಿಂದ ರೋಗಿಗಳನ್ನು ಆಂಬುಲೆನ್ಸ್‌ನಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಎಷ್ಟು ಸಲ ಓಡಿದ್ದೇನೋ ನೆನಪಿಲ್ಲ. ವಿಮಾನದಲ್ಲಿ ಕರೆದೊಯ್ದದ್ದು ಒಬ್ಬಳನ್ನು ಮಾತ್ರ.

ಅವಳ ಹೆಸರು ಮಂಜುಳಾ. ಸೊರಬದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ನಾಗರಾಜ ಖಾಸಗಿ ಬಸ್ಸಿನ ಚಾಲಕ. ಮೂವತ್ತಾರರ ವಯಸ್ಸಿಗೇ ಅವಳ ಶ್ವಾಸಕೋಶ ಗಟ್ಟಿಯಾಗುತ್ತ ಬಂದು, ಗಿರಣಿಯ ಮೆಟ್ಟಿಲು ಹತ್ತಿದರೆ ಮಾತು ನಿಲ್ಲುವ ಸ್ಥಿತಿ ತಲುಪಿದ್ದಳು. ತವರು ಅಂಜನಾಪುರ ನಮ್ಮ ಆಸ್ಪತ್ರೆಗೆ ಹತ್ತಿರವೆಂದು ಅಲ್ಲಿಗೆ ಬಂದು ಉಳಿದಿದ್ದಳು. ಹಗಲು ರಾತ್ರಿ ಮೂಗಿಗೆ ಆಮ್ಲಜನಕದ ಕೊಳವೆ ಬೇಕೇ ಬೇಕಿತ್ತು. ಶ್ವಾಸಕೋಶವನ್ನೇ ಬದಲಿಸಬೇಕಾದೀತು, ಮೊದಲು ಹೈದರಾಬಾದಿನ ತಜ್ಞರು ಒಮ್ಮೆ ನೋಡಲಿ ಎಂದು ನಮ್ಮ ವೈದ್ಯರು ಹೇಳಿದರು. ಬಹಳ ದಿನ ಕಾದ ಮೇಲೆ ಅಲ್ಲಿಂದ ಒಂದು ದಿನ ಗೊತ್ತಾಯಿತು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಎಂದು ಹೇಳುವವರು ಇರಲಿಲ್ಲ.

ರಸ್ತೆಯಲ್ಲಿ ಅಷ್ಟು ದೂರ ಅವಳ ಕೈಲಿ ಆಗುತ್ತಿರಲಿಲ್ಲ. ಶಿವಮೊಗ್ಗದಿಂದ ಹೈದರಾಬಾದಿಗೆ ವಿಮಾನದಲ್ಲಾದರೆ ಒಂದೂವರೆ ಗಂಟೆಯೊಳಗಿನ ದಾರಿ. ಆದರೆ ಈ ರೋಗಿಯನ್ನು ಆಕಾಶಕ್ಕೆ ಏರಿಸುತ್ತಾರೆಯೇ ಎಂದು ಮನೆಯವರೆಲ್ಲ ಹಿಂಜರಿದರು. ಅವರ ಹೆದರಿಕೆಗೆ ಕಾರಣವಿತ್ತು. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಎತ್ತರದ ಗುಡ್ಡದ ಮೇಲಿರುವಷ್ಟು ಕಡಿಮೆಯಾಗುತ್ತದೆ. ನಮಗೆ ಅದು ಗೊತ್ತೇ ಆಗುವುದಿಲ್ಲ. ಮಂಜುಳಾಳಂಥವರ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ವೈದ್ಯರು ಪರೀಕ್ಷಿಸಿ, ನರ್ಸ್ ಜೊತೆಗಿದ್ದರೆ ಹೋಗಬಹುದು ಎಂದು ಬರೆದುಕೊಟ್ಟರು. ನಾನು ರಜೆ ಹಾಕಿ ಹೊರಟೆ.

ಸ್ವಂತ ಸಿಲಿಂಡರ್ ವಿಮಾನದೊಳಗೆ ಒಯ್ಯುವಂತಿಲ್ಲ. ಅದರ ಬದಲು ಸುತ್ತಲಿನ ಗಾಳಿಯಿಂದಲೇ ಆಮ್ಲಜನಕವನ್ನು ಸೋಸಿ ಕೊಡುವ, ಹೆಗಲಿಗೆ ಹಾಕಿಕೊಳ್ಳುವ ಕಾನ್ಸಂಟ್ರೇಟರ್ ಯಂತ್ರವನ್ನು ಬಾಡಿಗೆಗೆ ತಂದೆವು. ಅದು ಬ್ಯಾಟರಿಯಲ್ಲಿ ನಡೆಯುತ್ತದೆ. ಎರಡು ಬ್ಯಾಟರಿ ಸಾಕು ಎಂದರು, ನಾನು ಹಟ ಹಿಡಿದು ಮೂರು ತರಿಸಿದೆ. ವಾರವಿಡೀ ಮಂಜುಳಾಳನ್ನು ವಾರ್ಡಿನಲ್ಲಿ ಗೋಡೆಗೆ ಒತ್ತಿಕೊಂಡ ಕುರ್ಚಿಯಲ್ಲಿ ಕೂರಿಸಿ, ಯಂತ್ರವನ್ನು ಕಾಲ ಬಳಿ ಇಟ್ಟು ಅಭ್ಯಾಸ ಮಾಡಿಸಿದೆ. ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ, ಹಾಲು ಆರಿಸುವ ಹಾಗೆ ನಿಧಾನಕ್ಕೆ ಬಿಡುವ ಉಸಿರಾಟ ಅದು. ಕೊನೆಯ ದಿನ ಅವಳೊಂದಿಗೆ ನೇರವಾಗಿ ಮಾತಾಡಿದೆ.

"ಮೇಲೆ ಹೋದಾಗ ನಂಬರ್ ಇಳಿಯುತ್ತೆ. ಅದು ಇಳಿಯೋದೇ. ಎಷ್ಟಕ್ಕೆ ಬಂದ್ರೆ ಹೆದರ್ಬೇಕು ಅನ್ನೋದು ನಾನು ನೋಡ್ಕೊಂತೀನಿ. ನೀನು ಉಸಿರು ನೋಡ್ಕೋ."

"ಹೆದರೋ ಕೆಲ್ಸ ನಿಮ್ದು, ಉಸಿರಾಡೋ ಕೆಲ್ಸ ನಂದು," ಎಂದಳು. "ಆತು ಬಿಡ್ರಿ ಸಿಸ್ಟರ್."

ಹೊರಟ ದಿನ ಶಿವಮೊಗ್ಗದ ನಿಲ್ದಾಣದಲ್ಲಿ ಮಂಜು ಬಿದ್ದಿತ್ತು. ಎದುರಿಗಿದ್ದ ರನ್‌ವೇ ಕಾಣುತ್ತಿರಲಿಲ್ಲ. ಹೈದರಾಬಾದಿನಲ್ಲೂ ಅದೇ ಸ್ಥಿತಿ ಎಂದರು. ಶಿವಮೊಗ್ಗದ ನಿಲ್ದಾಣದಲ್ಲಿ ಕಾದಷ್ಟು ಹೊತ್ತು ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಬ್ಯಾಟರಿ ಉಳಿಸಿದೆ. ನಮ್ಮ ವಿಮಾನ ಎರಡು ಪ್ರೊಪೆಲ್ಲರ್‌ನ ಚಿಕ್ಕದು, ಇಡೀ ವಿಮಾನವೇ ಇಕಾನಮಿ ಕ್ಲಾಸ್. ಯಂತ್ರವಿದ್ದವರು ಬೇರೆಯವರ ದಾರಿಗೆ ಅಡ್ಡವಾಗಬಾರದೆಂದು ಮಂಜುಳಾಳಿಗೆ ಕಿಟಕಿಯ ಸೀಟು. ಪಕ್ಕದಲ್ಲಿ ನಾನು, ನಡುದಾರಿಯ ಆಚೆ ನಾಗರಾಜ. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು. ಕಾಲ ಬಳಿಯಿದ್ದ ಯಂತ್ರದ ಗಾಳಿಕಂಡಿಗೆ ಶಾಲು ಮುಚ್ಚದಂತೆ ನಾನು ಪಾದವನ್ನೇ ಅಡ್ಡ ಇಟ್ಟುಕೊಂಡು ಕೂತೆ. ಇಲ್ಲಿ ಮಂಜು ತೆಳುವಾಗಿ, ಬಾಗಿಲು ಮುಚ್ಚಿದ ಮೇಲೂ ಹೈದರಾಬಾದಿನಿಂದ ಅನುಮತಿ ಬರಲಿಲ್ಲ. ನಿಂತಲ್ಲೇ ಮೊದಲ ಬ್ಯಾಟರಿ ಮುಗಿಯಿತು.

ಕೊನೆಗೆ ಏರಿದೆವು. ಮಂಜಿನ ಮೇಲೆ ಒಳ್ಳೆಯ ಬಿಸಿಲಿತ್ತು, ಒಳಗೆ ಮಾತ್ರ ಕೊರೆಯುವ ಚಳಿ. ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ ರಕ್ತದ ಆಮ್ಲಜನಕದ ಪ್ರಮಾಣ ತೋರಿಸುತ್ತದೆ. ಕೆಳಗೆ ತೊಂಬತ್ನಾಲ್ಕು ಇದ್ದದ್ದು ನಿಧಾನವಾಗಿ ತೊಂಬತ್ತಕ್ಕೆ ಬಂತು. ಅದು ನನ್ನ ಲೆಕ್ಕದೊಳಗೇ ಇತ್ತು. ಯಂತ್ರ ಕೊಡುವ ಆಮ್ಲಜನಕದ ಅಳತೆ ಒಂದು ಹಂತ ಏರಿಸಿದೆ. ಆಮೇಲೆ ನೋಡನೋಡುತ್ತಿದ್ದಂತೆ ಎಂಬತ್ತಮೂರು, ಎಂಬತ್ತು, ಎಪ್ಪತ್ತಾರು.

ಎಂಥ ತಿರುವಿನಲ್ಲೂ ಬಸ್ಸು ಅಲುಗಿಸದ ನಾಗರಾಜ ಸೀಟಿನಿಂದ ಅರ್ಧ ಎದ್ದ. "ಸಿಸ್ಟರ್, ಎಪ್ಪತ್ತಾರು ತೋರ್ಸ್ತಾ ಐತಲ್ರೀ."

ಗಗನಸಖಿ ಅಕ್ಷತಾ ಕೂಡ ಅದನ್ನು ನೋಡಿದಳು. ಒಳಗೆ ಹೋಗಿ ಕ್ಯಾಪ್ಟನ್‌ಗೆ ತಿಳಿಸಿ ಬಂದಳು. ಹೊರಟು ಬಹಳ ಹೊತ್ತಾಗಿಲ್ಲ, ರೋಗಿಗೆ ಅಪಾಯವಿದ್ದರೆ ತುರ್ತು ಎಂದು ಘೋಷಿಸಿ ಶಿವಮೊಗ್ಗಕ್ಕೇ ತಿರುಗುತ್ತೇವೆ, ನರ್ಸ್ ಏನು ಹೇಳುತ್ತಾರೆ ಎಂದು ಅವರು ಕೇಳಿದ್ದರು. ಎರಡು ನಿಮಿಷ ಕೊಡಿ ಎಂದೆ.

ವಾರ್ಡಿನಲ್ಲಾಗಿದ್ದರೆ ವೈದ್ಯರನ್ನು ಕರೆಯುತ್ತಿದ್ದೆ. ಇಲ್ಲಿ ಕರೆಯಲು ಯಾರೂ ಇರಲಿಲ್ಲ. ನನ್ನ ಬಾಯಿ ಒಣಗಿತ್ತು. ಹಿಂದಿರುಗಿದರೆ ಹೈದರಾಬಾದಿನ ದಿನ ಹೋಯಿತು, ಮನೆಯವರು ಇವಳನ್ನು ಇನ್ನೊಮ್ಮೆ ಕಳಿಸುವುದಿಲ್ಲ. ಮುಂದೆ ಹೋಗಿ ಏನಾದರೂ ಆದರೆ ಅದು ನನ್ನ ಮಾತಿನಿಂದ ಆದದ್ದು. ನಾನು ಆಕ್ಸಿಮೀಟರ್‌ನ ನಂಬರ್ ಬಿಟ್ಟು ಅವಳನ್ನು ನೋಡಿದೆ. ತುಟಿ ನೀಲಿಯಾಗಿರಲಿಲ್ಲ. ಉಸಿರಿನ ಲಯ ಮೊದಲಿನಂತೆಯೇ ಇತ್ತು. ಮಗಳ ಹೆಸರು ಹೇಳು ಎಂದೆ. ಹೆಸರು, ಶಾಲೆ, ಅವಳಿಗೆ ಸೇರದ ತರಕಾರಿ ಎಲ್ಲವನ್ನೂ ತಡವರಿಸದೆ ಹೇಳಿದಳು. ಎಪ್ಪತ್ತಾರು ನಿಜವಾಗಿದ್ದರೆ ಹೀಗೆ ಮಾತಾಡಲು ಬರುತ್ತಿರಲಿಲ್ಲ. ಆಕ್ಸಿಮೀಟರ್ ಇದ್ದ ಕೈ ಹಿಡಿದೆ. ವಿಮಾನದ ಗೋಡೆಗೆ ತಾಗಿಕೊಂಡಿದ್ದ ಆ ಕೈ ಮಂಜುಗಡ್ಡೆಯಂತಿತ್ತು.

ಬೆರಳು ತಣ್ಣಗಾಗಿ ರಕ್ತ ಸರಿಯಾಗಿ ಹರಿಯದಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಇನ್ನೊಂದು ಕೈಯನ್ನು ನನ್ನ ಎರಡೂ ಅಂಗೈಗಳ ನಡುವೆ ಉಜ್ಜಿ, ಶಾಲಿನೊಳಗೆ ಬೆಚ್ಚಗಿಟ್ಟು, ಆ ಬೆರಳಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಅಂಕಿಯೇ ಬರಲಿಲ್ಲ. ಬಂದಾಗ ಎಂಬತ್ತೊಂಬತ್ತು. ಇನ್ನೂ ಕಾದೆ, ಅದು ಅಲ್ಲೇ ನಿಂತಿತು.

"ತುರ್ತು ಅನ್ನೋದು ಈಗ ಬೇಡ," ಎಂದು ಅಕ್ಷತಾಳಿಗೆ ಹೇಳಿದೆ. "ಬೇಕಾದಾಗ ನಾನೇ ಹೇಳ್ತೀನಿ ಅಂತ ಕ್ಯಾಪ್ಟನ್‌ಗೆ ತಿಳಿಸಿ."

ನಾನು ಕೇಳಿದ್ದಕ್ಕೆ ಉತ್ತರಿಸಿದ್ದು ಬಿಟ್ಟರೆ, ಇಷ್ಟು ಹೊತ್ತೂ ಮಂಜುಳಾ ಕಿಟಕಿಯತ್ತ ಮುಖ ಮಾಡಿ, ತುಟಿ ಕಿರಿದು ಮಾಡಿಕೊಂಡು, ತನ್ನ ಕೆಲಸ ತಾನು ಮಾಡುತ್ತಿದ್ದಳು. ಒಮ್ಮೆಯೂ ನಂಬರ್ ಎಷ್ಟು ಎಂದು ಕೇಳಲಿಲ್ಲ.

ಹೈದರಾಬಾದ್ ಹತ್ತಿರವಾದಾಗ ಅಲ್ಲಿ ಮಂಜು ಕರಗಿತ್ತು. ಆದರೆ ಬೆಳಗಿನಿಂದ ತಡವಾಗಿದ್ದ ವಿಮಾನಗಳೆಲ್ಲ ಒಟ್ಟಿಗೆ ಬಂದು ಇಳಿಯಲು ಸರದಿ ಕಾಯುತ್ತಿದ್ದವು. ನಾವೂ ಸುತ್ತತೊಡಗಿದೆವು. ಅಳತೆ ಏರಿಸಿದ್ದರಿಂದ ಎರಡನೆಯ ಬ್ಯಾಟರಿ ಬೇಗ ಮುಗಿಯಿತು. ಪೂರ್ತಿ ತುಂಬಿದೆ ಎಂದು ತೋರಿಸುತ್ತಿದ್ದ ಮೂರನೆಯದು, ಹಾಕಿದ ತುಸು ಹೊತ್ತಿಗೇ ಅರ್ಧಕ್ಕೆ ಬಂತು. ಇನ್ನೊಂದು ಸುತ್ತು ಮುಗಿಯುವುದರೊಳಗೆ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ವಿಮಾನದಲ್ಲಿ ತುರ್ತಿಗೆಂದು ಇಟ್ಟ ಸಣ್ಣ ಸಿಲಿಂಡರ್ ಇತ್ತು, ಅದೂ ಬಹಳ ಹೊತ್ತಿನದಲ್ಲ. ನಾನು ಅಕ್ಷತಾಳನ್ನು ಕರೆದೆ.

"ಈಗ ಬೇಕು. ಈ ಬ್ಯಾಟರಿ ಆದ್ಮೇಲೆ ನಿಮ್ಮ ಸಿಲಿಂಡರ್ ಒಂದೇ ದಿಕ್ಕು. ಅದನ್ನ ತಂದಿಡಿ, ಕ್ಯಾಪ್ಟನ್‌ಗೆ ಬೇಗ ಇಳಿಸೋಕೆ ಹೇಳಿ."

ಅವಳು ಒಳಗೆ ಹೋದಳು. ಮತ್ತೆ ಪ್ರಶ್ನೆ ಬರಬಹುದು, ಇನ್ನೊಮ್ಮೆ ಎಲ್ಲವನ್ನೂ ವಿವರಿಸಬೇಕಾದೀತು ಎಂದುಕೊಂಡಿದ್ದೆ. ಪ್ರಶ್ನೆ ಬರಲಿಲ್ಲ. ಅವಳು ಸಿಲಿಂಡರ್ ಹಿಡಿದು ಹೊರಬರುವಷ್ಟರಲ್ಲೇ ವಿಮಾನ ಸುತ್ತುವುದನ್ನು ಬಿಟ್ಟು ವಾಲಿ ತಿರುಗಿತ್ತು. ರೋಗಿಯೊಬ್ಬರಿಗಾಗಿ ನಮಗೆ ಮೊದಲು ದಾರಿ ಸಿಕ್ಕಿದೆ ಎಂದು ಘೋಷಣೆ ಬಂತು. ಚಕ್ರ ಹೊರಬಂದ ಸದ್ದು ಕೇಳಿದಾಗಲೇ ಯಂತ್ರ ಕೂಗಿಕೊಂಡು ನಿಂತಿತು. ನಾನು ಕೊಳವೆ ತೆಗೆದು ಸಿಲಿಂಡರ್‌ನ ಮಾಸ್ಕ್ ಹಾಕಿದೆ. ಮಂಜುಳಾ ಕಣ್ಣು ಮುಚ್ಚಿ, ಹೆದರಬೇಡಿ ಎನ್ನುವಂತೆ ನನ್ನ ಮೊಣಕೈ ತಟ್ಟಿದಳು. ನನ್ನ ಸೇವೆಯಲ್ಲಿ ರೋಗಿಯೊಬ್ಬಳು ನನಗೆ ಧೈರ್ಯ ಹೇಳಿದ್ದು ಅದೊಂದೇ ಸಲ.

ಇಳಿದಾಗ ಆಂಬುಲೆನ್ಸ್ ವಿಮಾನದ ಬಳಿಯೇ ನಿಂತಿತ್ತು. ಯಾರೂ ಎದ್ದು ನುಗ್ಗಲಿಲ್ಲ. ನಾವು ಇಳಿಯುವವರೆಗೆ ಇಡೀ ವಿಮಾನ ಕೂತೇ ಇತ್ತು. ಕ್ಯಾಪ್ಟನ್ ಸ್ವತಃ ಕೆಳಗೆ ಬಂದರು, ನನ್ನ ಮಗನ ವಯಸ್ಸಿನವರು. ಮೊದಲ ಸಲ ನೀವು ಬೇಡ ಎಂದಿರಿ, ಹಾಗಾಗಿ ಎರಡನೆಯ ಸಲ ನಾನು ಯಾಕೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ ಎಂದರು. ಮುಂದೆ ನಿವೃತ್ತಿಯ ದಿನ ಆಸ್ಪತ್ರೆಯವರು ನನಗೆ ಶಾಲು ಹೊದಿಸಿದರು, ಹಾರ ಹಾಕಿದರು. ಆದರೂ ನನ್ನ ವೃತ್ತಿಗೆ ಸಿಕ್ಕ ಗೌರವ ಯಾವುದು ಎಂದು ಕೇಳಿದರೆ ಆ ಕ್ಯಾಪ್ಟನ್‌ನ ಮಾತನ್ನೇ ಹೇಳುತ್ತೇನೆ.

ಹೈದರಾಬಾದಿನ ವೈದ್ಯರು ವಾರಗಟ್ಟಲೆ ಪರೀಕ್ಷಿಸಿದರು. ಗಿರಣಿಯ ಹಿಟ್ಟಿನ ಧೂಳು ವರ್ಷಾನುಗಟ್ಟಲೆ ಸೇರಿ ಶ್ವಾಸಕೋಶ ಊದಿಕೊಂಡಿದೆ, ಔಷಧಕ್ಕೆ ಇನ್ನೂ ಬಗ್ಗುವ ಹಂತದಲ್ಲಿದೆ, ಸದ್ಯಕ್ಕೆ ಶ್ವಾಸಕೋಶ ಬದಲಿಸುವುದು ಬೇಡ ಎಂದರು. ಮಂಜುಳಾ ಗಿರಣಿಯನ್ನು ಬೇರೆಯವರಿಗೆ ಕೊಟ್ಟಳು. ಮುಂದಿನ ಮಳೆಗಾಲದ ಹೊತ್ತಿಗೆ ಹಗಲು ಅವಳಿಗೆ ಕೊಳವೆ ಬೇಕಾಗಲಿಲ್ಲ, ರಾತ್ರಿ ಮಾತ್ರ ಸಾಕಾಯಿತು. ಈಗ ತಿಂಗಳಿಗೊಮ್ಮೆ ಶಿಕಾರಿಪುರಕ್ಕೆ ಬಂದು, ಹೊಸದಾಗಿ ಆಮ್ಲಜನಕ ಹಚ್ಚಿಸಿಕೊಂಡು ಹೆದರಿ ಕೂತವರ ಪಕ್ಕದಲ್ಲಿ ಕುಳಿತು ಉಸಿರು ಬಿಡುವುದನ್ನು ಹೇಳಿಕೊಡುತ್ತಾಳೆ. ಅವಳು ಹೇಳಿಕೊಟ್ಟಷ್ಟು ಚೆನ್ನಾಗಿ ನಾನು ಎಂದೂ ಹೇಳಿಕೊಟ್ಟಿಲ್ಲ.

ಹೊಸ ನರ್ಸ್‌ಗಳು ಈ ಪ್ರಸಂಗ ಕೇಳಿದಾಗ ತಣ್ಣನೆಯ ಬೆರಳಿನ ವಿಷಯವನ್ನು ಬರೆದುಕೊಳ್ಳುತ್ತಾರೆ. ಅದು ಬೇಕಾದದ್ದೇ, ಆದರೆ ಪುಸ್ತಕದಲ್ಲೂ ಸಿಗುತ್ತದೆ. ನಾನು ಅವರಿಗೆ ಹೇಳುವುದು ಬೇರೆ. ಭಯಕ್ಕೆ ಬಿದ್ದು ಎಲ್ಲದಕ್ಕೂ ತುರ್ತು ಎಂದು ಕೂಗಿದರೆ, ನಿಜವಾದ ತುರ್ತಿನ ದಿನ ನಮ್ಮ ಮಾತಿಗೆ ತೂಕ ಇರುವುದಿಲ್ಲ. ಧೈರ್ಯ ತೋರಿಸಲು ಹೋಗಿ ಸುಮ್ಮನಿದ್ದರೆ ರೋಗಿ ಉಳಿಯುವುದಿಲ್ಲ. ನೋಡಿದ್ದನ್ನು ನೋಡಿದಷ್ಟೇ ಹೇಳುವುದು ನಮ್ಮ ಕೆಲಸ. ಬಾಯಿ ಒಣಗಿದ್ದಾಗಲೂ ಅಷ್ಟನ್ನೇ ಹೇಳಲು ಬಂತಲ್ಲ, ಆ ಹೆಮ್ಮೆ ನನಗಿದೆ.